ನೆರಳಿಗೆ ಇಪ್ಪತ್ತೊಂದು ಏಟು

“ಅಜ್ಜಯ್ಯ, ಕಾನೂನು ಒಂದೇ ಇದೆ. ಅದನ್ನು ಓದಿ ಹೇಳುವವರೂ ಒಬ್ಬರೇ ಇದ್ದಾರೆ. ಆದರೂ ಅದು ಉಳ್ಳವರ ಮೇಲೆ ಬಿದ್ದರೆ ಸದ್ದೇ ಆಗುವುದಿಲ್ಲ, ಇಲ್ಲದವರ ಮೇಲೆ ಬಿದ್ದರೆ ಮೂಳೆ ಮುರಿಯುತ್ತದೆ. ಯಾಕೆ ಹೀಗೆ?”

ಕೇಳಿದವನು ಹೊನ್ನಯ್ಯ. ಅವನು ನ್ಯಾಯದ ಚಾವಡಿಯಲ್ಲಿ ಹೆಸರು ಕೂಗುವವನು. ಚಾವಡಿಯ ಬಾಗಿಲಲ್ಲಿ ನಿಂತು ದೂರು ಕೊಟ್ಟವರ ಹೆಸರನ್ನು ಮೂರು ಸಲ ಕೂಗಬೇಕು. ಮೂರನೆಯ ಕೂಗಿಗೂ ‘ಓ’ ಅನ್ನದವರ ದೂರು ಅಲ್ಲಿಗೇ ಬಿದ್ದುಹೋಗುತ್ತದೆ. ಅದು ಆ ಸೀಮೆಯ ರೂಢಿ.

ಅವನು ಕೇಳಿದ ಪ್ರಶ್ನೆಯ ಹಿಂದೆ ಇನ್ನೊಂದು ಸಂಗತಿ ಇತ್ತು. ಅದನ್ನು ಅವನು ಹೇಳಲಿಲ್ಲ. ಮಡಿಕೆ ಮಾಡುವ ಒಬ್ಬ ಮುದುಕಿ, ಕೆರೆಯ ಜೇಡಿಮಣ್ಣಿನ ಗುಂಡಿಗೆ ಊರಗೌಡ ಬೇಲಿ ಹಾಕಿಸಿದ್ದಾನೆ ಎಂದು ದೂರು ಕೊಟ್ಟಿದ್ದಳು. ಮಣ್ಣಿಲ್ಲದಿದ್ದರೆ ಅವಳ ತಿಗರಿ ತಿರುಗುವುದಿಲ್ಲ, ಒಲೆ ಉರಿಯುವುದಿಲ್ಲ. ಅವಳ ಸರದಿ ನಾಳೆ. ಎರಡು ಗುಡ್ಡ ದಾಟಿ ನಡೆದು ಬರಬೇಕು. ಎಷ್ಟು ಬೇಗ ಹೊರಟರೂ ಚಾವಡಿಯ ಗೋಡೆಯ ಮೇಲೆ ಬಿಸಿಲು ಬಂದ ಮೇಲೆಯೇ ಅವಳು ತಲುಪುವುದು. ಬಾಗಿಲು ತೆಗೆಯುವುದು ಅದಕ್ಕೂ ಮೊದಲೇ; ಯಾರ ಹೆಸರನ್ನು ಯಾವಾಗ ಕೂಗುವುದು ಎಂಬುದು ಹೊನ್ನಯ್ಯನಿಗೆ ಬಿಟ್ಟದ್ದು.

ಇವತ್ತು ಬೆಳಿಗ್ಗೆ ಗೌಡನ ಆಳು ಹೊನ್ನಯ್ಯನ ಮನೆಗೆ ಬಂದಿದ್ದ. “ನಾಳೆ ಬಾಗಿಲು ತೆಗೆದ ಕೂಡಲೇ ಮುದುಕಿ ಹೆಸರು ಕೂಗಿಬಿಡಣ್ಣ. ಸುಳ್ಳು ಹೇಳು ಅಂತೇನೂ ಗೌಡ್ರು ಅನ್ನಲಿಲ್ಲ. ಕೂಗು ಅಂದ್ರು. ಕೂಗೋದು ನಿನ್ ಕೆಲಸ ತಾನೆ?” ಎಂದು ಹೇಳಿ, ಒಂದು ಜೊತೆ ಹೊಸ ಎಕ್ಕಡವನ್ನು ಹೊಸ್ತಿಲ ಬಳಿ ಇಟ್ಟು ಹೋಗಿದ್ದ. ಹೊನ್ನಯ್ಯ ಹೂಂ ಅನ್ನಲಿಲ್ಲ. ಊಹೂಂ ಅಂತಲೂ ಅನ್ನಲಿಲ್ಲ. ಮನೆಯಿಂದ ಹೊರಡುವಾಗ ಕಾಲು ತಾನೇ ಅದರೊಳಗೆ ತೂರಿಕೊಂಡಿತು. ಈಗ ಆ ಎಕ್ಕಡ ಮಂಟಪದ ಮೆಟ್ಟಿಲ ಕೆಳಗೆ ಬಿಸಿಲಲ್ಲಿ ಮಿರುಗುತ್ತಿತ್ತು.

ಮಂಟಪ ಇದ್ದದ್ದು ಮೂರು ದಾರಿ ಕೂಡುವ ಕಡೆ. ಅಜ್ಜಯ್ಯ ಅಲ್ಲಿ ಅರವಟ್ಟಿಗೆ ಇಟ್ಟುಕೊಂಡು ದಾರಿಹೋಕರಿಗೆ ನೀರು ಕೊಡುತ್ತಿದ್ದರು. ಅಕ್ಷರ ಬಾರದವರು. ಮೂರು ಹಳ್ಳಿಯ ಜನ ಅವರನ್ನು ಗುರು ಅನ್ನುತ್ತಿದ್ದರು. ನಾಲ್ಕನೆಯ ಹಳ್ಳಿಯವರು ಬುರುಡೆ ಅಜ್ಜ ಅನ್ನುತ್ತಿದ್ದರು. ಎರಡೂ ಹೆಸರಿಗೆ ಅವರು ‘ಓ’ ಅನ್ನುತ್ತಿದ್ದರು.

ಅಜ್ಜಯ್ಯ ತಾಮ್ರದ ಬಟ್ಟಲಲ್ಲಿ ನೀರು ತುಂಬಿ ಹೊನ್ನಯ್ಯನ ಕೈಗೆ ಕೊಟ್ಟರು. ಆ ಬಟ್ಟಲಿನ ತಳದಲ್ಲಿ ಒಂದು ಸಣ್ಣ ತೂತು. ತೂತಿಗೆ ಜೇನುಮೇಣ ಮೆತ್ತಿತ್ತು. ಯಾವುದೋ ಯುದ್ಧದಲ್ಲಿ ಎದೆಗೆ ಬಂದ ಗುಂಡನ್ನು ಆ ಬಟ್ಟಲಲ್ಲಿ ಹಿಡಿದೆ, ಅದರ ಗುರುತು ಇದು ಎಂದು ಅಜ್ಜಯ್ಯ ಬಂದವರಿಗೆಲ್ಲ ಹೇಳುತ್ತಿದ್ದರು.

ಹೊನ್ನಯ್ಯ ನೀರು ಕುಡಿದ. ಅಜ್ಜಯ್ಯ ಅವನ ಮುಖ ನೋಡಿದರು. ಆಮೇಲೆ ಮೆಟ್ಟಿಲ ಕಡೆ ನೋಡಿದರು. ಆಮೇಲೆ ಆಕಾಶ ನೋಡಿದರು.

“ನಾನು ಒಂದು ಸಲ ಸೂರ್ಯನನ್ನು ನಿಲ್ಲಿಸಿದ್ದೆ,” ಎಂದರು.

ಕಂಬಕ್ಕೆ ಒರಗಿ ಕೂತಿದ್ದ ಬಳೆಗಾರ ಕಣ್ಣು ಬಿಟ್ಟ. ಅವನು ಬಳೆಯ ಮಲಾರ ಪಕ್ಕಕ್ಕಿಟ್ಟು ಬಿಸಿಲು ಇಳಿಯಲೆಂದು ಕಾಯುತ್ತಿದ್ದವನು. “ಎಷ್ಟು ಹೊತ್ತು ನಿಲ್ಲಿಸಿದ್ರಿ ಅಜ್ಜಯ್ಯ?”

“ಒಂದು ಮಧ್ಯಾಹ್ನದ ಹೊತ್ತು. ನೆತ್ತಿಯ ಮೇಲೆ ಮೊಳೆ ಹೊಡೆದ ಹಾಗೆ ನಿಂತಿದ್ದ. ಒಂದು ಪಟ್ಟಣವೇ ನೋಡಿತು.”

“ಆ ಪಟ್ಟಣದವರು ಯಾರಾದ್ರೂ ಸಿಗ್ತಾರಾ? ಕೇಳೋಣ ಅಂತ.”

“ಎಲ್ಲರೂ ಸತ್ತರು. ನಂಬಿಕೆ ಇಲ್ಲದಿದ್ದರೆ ನೀನೇ ಹೋಗಿ ಕೇಳಿಕೊಂಡು ಬಾ.”

ಬಳೆಗಾರ ನಕ್ಕ. “ಸೂರ್ಯನ್ನ ಹಿಡಿದ್ರೆ ಕೈ ಸುಡಲಿಲ್ವಾ?”

“ಸುಟ್ಟಿತು. ಕೈಯನ್ನಲ್ಲ,” ಎಂದರು ಅಜ್ಜಯ್ಯ.

ಬಳೆಗಾರ ಮತ್ತೆ ಕಣ್ಣು ಮುಚ್ಚಿದ. ಅಜ್ಜಯ್ಯ ಹುಣಸೆಹಣ್ಣಿನ ಮೊರವನ್ನು ಮುಂದಕ್ಕೆ ಎಳೆದುಕೊಂಡು ಬೀಜ ಬಿಡಿಸುತ್ತಾ ಕತೆ ಹೇಳತೊಡಗಿದರು.

ಇಲ್ಲಿಂದ ಬಿಸಿಲು ಎಷ್ಟು ದೂರ ಹೋಗುತ್ತದೋ ಅಷ್ಟು ದೂರ ಹೋಗಿ, ಅಲ್ಲಿ ಅದು ದಣಿದು ಕೂರುವ ಜಾಗದಲ್ಲಿ ಒಂದು ಪಟ್ಟಣ. ಅಲ್ಲಿಯ ಮೊದಲನೆಯ ರಾಜ ಬಹಳ ಮರುಕದವನು. ರಕ್ತ ಕಂಡರೆ ಅವನಿಗೆ ಎರಡು ದಿನ ಊಟ ಸೇರುತ್ತಿರಲಿಲ್ಲ. ಅವನು ಒಂದು ಕಾನೂನು ಮಾಡಿದ. ಇನ್ನು ಮೇಲೆ ನನ್ನ ರಾಜ್ಯದಲ್ಲಿ ತಪ್ಪು ಮಾಡಿದವನ ಮೈಮೇಲೆ ಚಾವಟಿ ಬೀಳಬಾರದು. ಅವನ ನೆರಳಿನ ಮೇಲೆ ಬೀಳಬೇಕು. ನೆರಳಿನ ಹೆಗಲ ಮೇಲೆ, ಎಲ್ಲರೂ ನೋಡುವ ಹಾಗೆ. ತನ್ನ ನೆರಳು ಏಟು ತಿನ್ನುವುದನ್ನು ನೋಡಿ ಮನುಷ್ಯ ನಾಚಿಕೊಳ್ಳಲಿ. ಅಷ್ಟು ಸಾಕು.

ಎಷ್ಟು ಒಳ್ಳೆಯ ಕಾನೂನು ನೋಡು. ಅಂಥದ್ದು ಇನ್ನೆಲ್ಲೂ ಇರಲಿಲ್ಲ. ನಾನು ಐವತ್ತಾರು ರಾಜ್ಯ ತಿರುಗಿದವನು, ಹೇಳುತ್ತೇನೆ ಕೇಳು. ಆ ಊರಿನಲ್ಲಿ ಯಾರೂ ಇನ್ನೊಬ್ಬರ ನೆರಳು ತುಳಿಯುತ್ತಿರಲಿಲ್ಲ. ದಾರಿಯಲ್ಲಿ ಎದುರಾದವರು ಮೊದಲು ನೆರಳಿಗೆ ನಮಸ್ಕಾರ ಮಾಡಿ ಆಮೇಲೆ ಮುಖಕ್ಕೆ ಮಾಡುತ್ತಿದ್ದರು. ತಾಯಂದಿರು ಕೂಸನ್ನು ತೊಟ್ಟಿಲಲ್ಲಿ ಮಲಗಿಸುವಾಗ ಅದರ ನೆರಳನ್ನೂ ಮಡಿಸಿ ಪಕ್ಕದಲ್ಲಿ ಮಲಗಿಸುತ್ತಿದ್ದರು.

ಆ ರಾಜ ಹೋದ. ಅವನ ಮಕ್ಕಳು ಹೋದರು. ಕಾನೂನು ಉಳಿಯಿತು.

ನ್ಯಾಯದ ಅಂಗಳ ಅಂದರೆ ಚಪ್ಪಡಿ ಹಾಸಿದ ಬಯಲು. ನಡುವೆ ಒಂದು ಕಲ್ಲು. ತಪ್ಪು ಮಾಡಿದವನು ಅದರ ಮೇಲೆ ನಿಲ್ಲಬೇಕು. ಒಂದು ಮೂಲೆಯಲ್ಲಿ ನೀರು ತುಂಬಿದ ಕೊಪ್ಪರಿಗೆ. ನೀರಿನ ಮೇಲೆ ಒಂದು ತಾಮ್ರದ ಬಟ್ಟಲು, ತಳದಲ್ಲಿ ಸೂಜಿಯ ಗಾತ್ರದ ತೂತು. ನೀರು ತುಂಬಿ ಬಟ್ಟಲು ಮುಳುಗಿದರೆ ಒಂದು ಗಳಿಗೆ. ಮುಳುಗಿದ ಕೂಡಲೇ ಗಂಟೆಯವನು ಕಂಚಿನ ಗಂಟೆ ಹೊಡೆಯುತ್ತಾನೆ. ಗಂಟೆ ಆದರೆ ಒಬ್ಬನ ನ್ಯಾಯ ಮುಗಿಯಿತು, ಇನ್ನೊಬ್ಬನದು ಶುರುವಾಯಿತು. ಗಂಟೆಯಿಂದ ಗಂಟೆಯವರೆಗೆ ಅಂಗಳದಲ್ಲಿ ಇದ್ದವರು ಇದ್ದಲ್ಲಿಂದ ಕದಲುವ ಹಾಗಿಲ್ಲ. ಹೊತ್ತು ಎಷ್ಟು ಅಂತ ಕೇಳಿದರೆ ಆ ಊರಿನವರು ಆಕಾಶ ನೋಡುತ್ತಿರಲಿಲ್ಲ. ಗಂಟೆ ಹೇಳಿದ್ದೇ ಹೊತ್ತು. ಅಷ್ಟು ನಂಬಿಗಸ್ತ ಜನ.

ಕಾಲ ಹೋದ ಹಾಗೆ ಒಂದು ರೂಢಿ ಬಂತು. ಬಡವರು ದೂರದ ಹಳ್ಳಿಯವರು, ಬೆಳಕಿರುವಾಗಲೇ ಮನೆ ಸೇರಲಿ, ಪಾಪ ಅಂತ ಅವರನ್ನು ನಡುಮಧ್ಯಾಹ್ನಕ್ಕೆ ಕರೆಯುತ್ತಿದ್ದರು. ದೊಡ್ಡವರಿಗೆ ನೂರೆಂಟು ಕೆಲಸ, ಮುಗಿಸಿಕೊಂಡು ಬರಲಿ ಅಂತ ಅವರನ್ನು ಇಳಿಹೊತ್ತಿಗೆ ಕರೆಯುತ್ತಿದ್ದರು. ಇದು ಎಲ್ಲೂ ಬರೆದದ್ದಲ್ಲ. ಯಾರೂ ಕೆಟ್ಟ ಮನಸ್ಸಿನಿಂದ ಮಾಡಿದ್ದೂ ಅಲ್ಲ.

ಇಳಿಹೊತ್ತಿನಲ್ಲಿ ನೆರಳು ಎಷ್ಟು ಉದ್ದ ಇರುತ್ತದೆ, ನೋಡಿದ್ದೀಯಲ್ಲ. ದೊಡ್ಡ ಮನುಷ್ಯ ಕಲ್ಲಿನ ಮೇಲೆ ನಿಂತರೆ ಅವನ ನೆರಳಿನ ಹೆಗಲು ಇಪ್ಪತ್ತು ಹೆಜ್ಜೆ ಆಚೆ ಇರುತ್ತಿತ್ತು. ಚಾವಟಿಯವನು ಅಲ್ಲಿಗೆ ಹೋಗಿ ಹೊಡೆಯುತ್ತಿದ್ದ. ಧೂಳು ಏಳುತ್ತಿತ್ತು. ಮಧ್ಯಾಹ್ನ ನೆರಳು ಎಲ್ಲಿರುತ್ತದೆ? ಕಾಲ ಮೇಲೆ ಮುದುರಿಕೊಂಡಿರುತ್ತದೆ. ನೆರಳಿನ ಹೆಗಲೂ ಅಲ್ಲೇ, ತಲೆಯೂ ಅಲ್ಲೇ. ಚಾವಟಿ ಬಿದ್ದರೆ ಎಲ್ಲಿ ಬೀಳುತ್ತದೆ ಅಂತ ನಾನು ಹೇಳಬೇಕೆ?

ಹೊನ್ನಯ್ಯ ತನ್ನ ಕಾಲು ನೋಡಿಕೊಂಡ. ಹೆಬ್ಬೆರಳ ಬುಡದಲ್ಲಿ ಎಕ್ಕಡದ ಬಾರು ಉಜ್ಜಿ ಕೆಂಪಾಗಿತ್ತು. ಅವನು ಪಂಚೆಯನ್ನು ಸ್ವಲ್ಪ ಕೆಳಗೆ ಎಳೆದುಕೊಂಡ.

ಒಂದು ವರ್ಷ, ಮುಂಗಾರು ಇನ್ನೇನು ಬರಬೇಕು ಅನ್ನುವ ದಿನಗಳಲ್ಲಿ, ಒಬ್ಬ ಕುರುಬನ ಕುರಿಗಳು ರಾಜನ ಹುಲ್ಲುಗಾವಲಿಗೆ ನುಗ್ಗಿ ಮೇದವು. ಇಪ್ಪತ್ತೊಂದು ಕುರಿ. ಅದೇ ದಿನ ಒಬ್ಬ ಸಾಹುಕಾರನ ಹೇರೆತ್ತುಗಳೂ ಅದೇ ಕಾವಲಿಗೆ ನುಗ್ಗಿ ಮೇದವು. ಮುನ್ನೂರು ಎತ್ತು. ಕುರಿಗಳು ಹುಲ್ಲಿನ ತುದಿ ತಿಂದಿದ್ದವು. ಎತ್ತುಗಳು ಬೇರು ಸಮೇತ ತಿಂದಿದ್ದವು. ತಪ್ಪು ಒಂದೇ ಥರದ್ದು. ಆದ್ದರಿಂದ ಶಿಕ್ಷೆಯೂ ಒಂದೇ. ನೆರಳಿಗೆ ಇಪ್ಪತ್ತೊಂದು ಏಟು.

ಒಂದೇ ತಪ್ಪು ಮಾಡಿದವರನ್ನು ಒಂದೇ ದಿನ, ಒಬ್ಬರ ಹಿಂದೆ ಒಬ್ಬರಂತೆ ಕರೆಯಬೇಕು. ಇದು ಮಾತ್ರ ಬರೆದ ಕಾನೂನು. ಮಧ್ಯಾಹ್ನಕ್ಕೆ ಕುರುಬ. ಒಂದು ಗಳಿಗೆ ಬಿಟ್ಟು ಸಾಹುಕಾರ. ಸಾಹುಕಾರ ಲೆಕ್ಕ ಹಾಕಿದ. ಒಂದು ಗಳಿಗೆಯಲ್ಲಿ ನೆರಳು ಗೇಣುದ್ದವೂ ಬೆಳೆಯುವುದಿಲ್ಲ. ಚಾವಟಿ ಮೀನಖಂಡಕ್ಕೆ ಬೀಳುತ್ತದೆ.

ಅವನು ನ್ಯಾಯಾಧೀಶನ ಬಳಿ ಹೋಗಲಿಲ್ಲ. ಆ ನ್ಯಾಯಾಧೀಶ ಯಾರಿಂದಲೂ ಒಂದು ಎಲೆ ಅಡಿಕೆ ಮುಟ್ಟಿದವನಲ್ಲ. ಸಾಹುಕಾರ ಗಂಟೆಯವನ ಬಳಿಗೆ ಆಳು ಕಳಿಸಿದ.

ಗಂಟೆಯವನು ಅಂಥ ದೊಡ್ಡವನೇನೂ ಅಲ್ಲ. ಕಾದ ಚಪ್ಪಡಿಯ ಮೇಲೆ ಹದಿನೆಂಟು ವರ್ಷದಿಂದ ಬರಿಗಾಲಲ್ಲಿ ನಿಂತವನು. ಅಂಗಾಲಿನ ಬಿರುಕಿನಲ್ಲಿ ಭತ್ತ ಬಿತ್ತಬಹುದಿತ್ತು. ಆಳು ಅವನ ಮುಂದೆ ಒಂದು ಜೊತೆ ಎಕ್ಕಡ ಇಟ್ಟ. “ಸುಳ್ಳು ಹೇಳು ಅಂತ ಯಾರೂ ಹೇಳ್ತಿಲ್ಲ. ಗಂಟೆ ತಡವಾಗಿ ಹೊಡಿ, ಅಷ್ಟೇ,” ಅಂದ.

ಹೊನ್ನಯ್ಯ ತಲೆ ಎತ್ತಿದ. ಅಜ್ಜಯ್ಯ ಹುಣಸೆಬೀಜದ ಮೇಲೆ ಕಣ್ಣಿಟ್ಟಿದ್ದರು.

ಕುರುಬನನ್ನು ಕರೆದರು. ಅವನು ಕಲ್ಲಿನ ಮೇಲೆ ನಿಂತ. ಅವನ ಹೆಂಡತಿ ಕುರಿಗಳನ್ನು ಗೋಡೆಯ ಆಚೆ ನಿಲ್ಲಿಸಿಕೊಂಡು ಬಾಗಿಲಲ್ಲಿ ನಿಂತಿದ್ದಳು.

ಕುರುಬ ಹೇಳಿದ: “ಸ್ವಾಮಿ, ಏಟಿಗೆ ಹೆದರೋನಲ್ಲ ನಾನು. ಬೆನ್ ಮೇಲೆ ಹೊಡೀರಿ. ಬೇಕಾದ್ರೆ ಇಪ್ಪತ್ತೊಂದಕ್ಕೆ ನಲವತ್ತೆರಡು ಹೊಡೀರಿ. ಕಾಲು ಬಿಟ್ಬಿಡಿ. ನಾಳೆ ಮಳೆ ಹಿಂದೆ ಹೊರಡ್ಬೇಕು. ನಡೆಯೋಕಾಗ್ದಿದ್ರೆ ಕುರಿನೂ ಇಲ್ಲ, ನಾನೂ ಇಲ್ಲ.”

ನ್ಯಾಯಾಧೀಶ ಮೆತ್ತಗೆ ಹೇಳಿದ: “ನಿನ್ನ ಬೆನ್ನಿಗೂ ಕಾಲಿಗೂ ಈ ಕಾನೂನಿನಲ್ಲಿ ಜಾಗವಿಲ್ಲಪ್ಪ. ಏಟು ನೆರಳಿಗೆ.”

“ನೆರಳು ನನ್ ಕಾಲ ಮೇಲೇ ಕೂತದಲ್ಲ ಸ್ವಾಮಿ!”

“ಅದು ನಿನಗೂ ನಿನ್ನ ನೆರಳಿಗೂ ಬಿಟ್ಟ ವಿಚಾರ.”

ಆಗ ಕುರುಬನ ಹೆಂಡತಿ ಒಳಗೆ ನುಗ್ಗಿದಳು. ಎರಡು ಕೋಲಿನ ಮೇಲೆ ಕಂಬಳಿ ಹರಡಿ ಗಂಡನ ತಲೆಯ ಮೇಲೆ ಹಿಡಿದಳು. ಕಂಬಳಿಯ ನೆರಳಲ್ಲಿ ಅವನ ನೆರಳು ಕಾಣದೆ ಹೋಯಿತು. “ಈಗ ಹೊಡೀರಿ. ಎಲ್ಲೈತೆ ತೋರಿಸಿ ನನ್ ಗಂಡನ ನೆರಳು!” ಅಂದಳು. ಅಂಗಳದಲ್ಲಿ ಇದ್ದವರು ನಕ್ಕರು. ಚಾವಟಿಯವನೂ ನಕ್ಕ.

ನ್ಯಾಯಾಧೀಶ ನಗಲಿಲ್ಲ. ಅವನು ಬಹಳ ಹೊತ್ತು ಯೋಚಿಸಿದ. “ನೆರಳಿಲ್ಲದ್ದು ಮನುಷ್ಯನಲ್ಲ,” ಅಂದ. “ಮನುಷ್ಯನಲ್ಲದ್ದು ಕಾವಲಿಗೆ ನುಗ್ಗಿದರೆ ಅದನ್ನು ದನದ ದೊಡ್ಡಿಗೆ ಕೂಡಬೇಕು. ಬಿಡಿಸಿಕೊಂಡು ಹೋಗಲು ಯಜಮಾನ ಬರಬೇಕು. ಹಾಗೆ ಮಾಡಲೇ?”

ಹೆಂಡತಿ ಕಂಬಳಿ ಇಳಿಸಿದಳು. ಭಟರು ಅವಳನ್ನು ಬಾಗಿಲಿಗೆ ವಾಪಸು ತಳ್ಳಿದರು. ನೆರಳು ಬಂದು ಗಂಡನ ಕಾಲ ಮೇಲೆ ಕೂತಿತು.

ಚಾವಟಿ ಎದ್ದಿತು. ಕುರುಬ ಅಳಲಿಲ್ಲ. ಒಂದೊಂದು ಏಟಿಗೂ ಒಂದೊಂದು ಕುರಿಯ ಹೆಸರು ಹಿಡಿದು ಕೂಗಿದ. ಬೋಳಿ ಅಂದ. ಗೋಡೆಯ ಆಚೆಯಿಂದ ಬೋಳಿ ಬ್ಯಾ ಅಂದಿತು. ಕರಿಮುತ್ತಿ ಅಂದ. ಕರಿಮುತ್ತಿ ಬ್ಯಾ ಅಂದಿತು. ಚಂದ್ರಿ, ಕೊಂಬಿ, ಮಳೆಮರಿ, ಅವ್ವಕ್ಕ. ಒಂದೂ ತಪ್ಪಲಿಲ್ಲ. ಇಪ್ಪತ್ತೊಂದು ಏಟು, ಇಪ್ಪತ್ತೊಂದು ಹೆಸರು, ಇಪ್ಪತ್ತೊಂದು ಸಲ ಬ್ಯಾ. ಆಮೇಲೆ ಅವನು ಕಲ್ಲಿನಿಂದ ಇಳಿಯಲು ಹೋದ. ಕಾಲು ನಿಲ್ಲಲಿಲ್ಲ. ಅಂಡು ಎಳೆಯುತ್ತಾ ಹೋಗಿ ಮೂಡಣ ಗೋಡೆಗೆ ಒರಗಿ ಕೂತ. ಗಂಟೆ ಆದ ಮೇಲೆ ಹೆಂಡತಿ ಬಂದು ಎತ್ತಿಕೊಂಡು ಹೋಗಬೇಕು. ಅಲ್ಲಿಯವರೆಗೆ ಅಲ್ಲೇ.

ಗಂಟೆ ಆಗಲಿಲ್ಲ.

ಗಂಟೆಯವನು ಬಟ್ಟಲಿನ ತೂತಿಗೆ ಅಕ್ಕಿಕಾಳಿನಷ್ಟು ಜೇನುಮೇಣ ಒತ್ತಿದ್ದ. ಬಟ್ಟಲು ನೀರಿನ ಮೇಲೆ ಕಮಲದ ಎಲೆಯ ಹಾಗೆ ತೇಲುತ್ತಿತ್ತು.

ಆಗ ಆದದ್ದನ್ನು ಕೇಳು. ಇಡೀ ಪಟ್ಟಣ ಮಧ್ಯಾಹ್ನದಲ್ಲಿ ನಿಂತುಹೋಯಿತು. ಹೆಂಗಸರು ಮಧ್ಯಾಹ್ನದ ಊಟವನ್ನೇ ಬಡಿಸುತ್ತಾ ಹೋದರು, ಗಂಡಸರು ಉಣ್ಣುತ್ತಾ ಹೋದರು. ನೇಕಾರ ಒಂದೇ ಎಳೆಯನ್ನು ಎಳೆಯುತ್ತಾ ಕೂತ. ಮಲಗಿದವರು ಏಳಲಿಲ್ಲ. ನ್ಯಾಯಾಧೀಶ ಕೂತಲ್ಲೇ ತೂಕಡಿಸಿದ. ಹಕ್ಕಿಗಳು ಗೂಡಿಗೆ ಹೊರಟವು. ಜನ ಅವನ್ನು ನೋಡಿ, ಹಕ್ಕಿಗಳಿಗೆ ಹೊತ್ತು ಗೊತ್ತಾಗುವುದಿಲ್ಲ ಎಂದು ನಕ್ಕರು. ಗೋಡೆಯ ಬಿಸಿಲು ಅರಿಸಿನದ ಬಣ್ಣಕ್ಕೆ ತಿರುಗಿತು. ಒಬ್ಬ ಮುದುಕ, ಇದೇನಪ್ಪ ಇವತ್ತು ಮಧ್ಯಾಹ್ನ ಇಷ್ಟು ತಂಪಾಗಿದೆ ಅಂದ. ಅಷ್ಟೇ. ಯಾರೂ ಆಕಾಶ ನೋಡಲಿಲ್ಲ.

ಮಂಟಪದಲ್ಲಿ ಬಳೆಗಾರ ನಿದ್ದೆಯಲ್ಲೇ ಮಗ್ಗುಲಾದ. ಅವನ ಮೊಣಕೈ ತಾಗಿ ಮಲಾರದ ಬಳೆಗಳು ಒಮ್ಮೆ ಕಿಣಿ ಅಂದು ಸುಮ್ಮನಾದವು. ಹೊನ್ನಯ್ಯನಿಗೆ ತಾನು ಎಷ್ಟು ಹೊತ್ತಿನಿಂದ ಕೂತಿದ್ದೇನೆ ಎಂಬುದೇ ಮರೆತಿತ್ತು. ಬರಿದಾದ ಬಟ್ಟಲು ಇನ್ನೂ ಅವನ ಕೈಯಲ್ಲೇ ಇತ್ತು.

ನೆರಳು ಸಾಕಷ್ಟು ಬೆಳೆದ ಮೇಲೆ ಗಂಟೆಯವನು ಉಗುರಿನಿಂದ ಮೇಣ ಕಿತ್ತ. ಬಟ್ಟಲು ಮುಳುಗಿತು. ಅವನು ಗಂಟೆ ಹೊಡೆದ. ಕುರುಬನ ಹೆಂಡತಿ ಗಂಡನ ಕಡೆ ಓಡಿದಳು. ಆದರೆ ಸಾಹುಕಾರ ಸಿದ್ಧವಾಗಿಯೇ ನಿಂತಿದ್ದ. ಗಂಟೆಯ ನಾದ ಅಡಗುವ ಮೊದಲೇ ಅವನು ಛತ್ರಿಯ ಕೆಳಗಿನಿಂದ ಬಂದು ಕಲ್ಲೇರಿಬಿಟ್ಟ. ಎರಡನೆಯ ನ್ಯಾಯ ಶುರುವಾಗಿಹೋಯಿತು. ಭಟರು ಅವಳನ್ನು ಅರ್ಧ ಅಂಗಳದಲ್ಲೇ ತಡೆದರು. ಇನ್ನು ಮುಂದಿನ ಗಂಟೆಯವರೆಗೆ ಯಾರೂ ಕದಲುವ ಹಾಗಿಲ್ಲ.

ಸಾಹುಕಾರನ ನೆರಳು ಕಲ್ಲಿನಿಂದ ಇಳಿಯಿತು. ಚಪ್ಪಡಿ ದಾಟಿತು. ಮೂಡಣ ಗೋಡೆಯವರೆಗೂ ಹೋಯಿತು. ಅದರ ಹೆಗಲು ಹೋಗಿ ಬಿದ್ದದ್ದು ಗೋಡೆಗೆ ಒರಗಿ ಕೂತ ಕುರುಬನ ಮೇಲೆ. ಅವನ ಎದೆ, ತೊಡೆ, ಕಾಲು ಎಲ್ಲವೂ ಸಾಹುಕಾರನ ನೆರಳಿನಲ್ಲಿ ಮುಳುಗಿದವು.

ಚಾವಟಿಯವನು ಅಲ್ಲಿಯವರೆಗೆ ನಡೆದು ಹೋಗಿ ನಿಂತ. “ಸ್ವಾಮಿ, ನೆರಳಿನ ಕೆಳಗೆ ಒಬ್ಬ ಮನುಷ್ಯ ಅವ್ನೆ,” ಅಂದ.

“ನೆರಳು ಯಾರದು?”

“ಸಾಹುಕಾರ್ರದು.”

“ಹಾಗಾದರೆ ಏಟೂ ಸಾಹುಕಾರರಿಗೇ. ಹೊಡಿ.”

ಕುರುಬನ ಹೆಂಡತಿ ಭಟರ ಕಡೆ ತಿರುಗಲಿಲ್ಲ. ನ್ಯಾಯಾಧೀಶನ ಕಡೆಯೂ ತಿರುಗಲಿಲ್ಲ. ಗಂಟೆಯವನ ಕಡೆ ತಿರುಗಿದಳು. “ಅಣ್ಣ, ಒಂದೇ ಒಂದು ಸಲ ಹೊಡಿಯಣ್ಣ. ಬಟ್ಟಲು ಮುಳುಗಲಿ, ಬಿಡಲಿ. ಒಂದ್ ಸಲ ಹೊಡೆದ್ರೆ ಎತ್ಕೊಂಡು ಹೋಗ್ತೀನಿ. ನಿನ್ ಕೈಲಿ ಐತೆ.”

ಗಂಟೆ ಹೊಡೆಯುವ ಕೊಡತಿ ಅವನ ಕೈಯಲ್ಲೇ ಇತ್ತು. ಗಂಟೆ ಒಂದು ಮೊಳ ದೂರದಲ್ಲಿತ್ತು. ಅವನು ತನ್ನ ಕಾಲು ನೋಡಿಕೊಂಡ. ಹದಿನೆಂಟು ವರ್ಷದಲ್ಲಿ ಮೊದಲ ಸಲ ಅಂಗಾಲು ತಂಪಾಗಿತ್ತು.

ಅವನು ಗಂಟೆ ಹೊಡೆಯಲಿಲ್ಲ.

ಇಪ್ಪತ್ತೊಂದು ಏಟು ಬಿತ್ತು. ಒಂದೊಂದು ಏಟಿಗೂ ಸಾಹುಕಾರ ಕಣ್ಣು ಮುಚ್ಚಿಕೊಂಡ. ಅವನೇನು ಕಟುಕನಲ್ಲ. ಕುರುಬ ಈ ಸಲ ಏನೂ ಕೂಗಲಿಲ್ಲ. ಕುರಿಗಳ ಹೆಸರೆಲ್ಲ ಮುಗಿದಿತ್ತು. ಗೋಡೆಯ ಆಚೆ ಕುರಿಗಳು ತಮ್ಮ ಹೆಸರು ಬರುತ್ತದೆ ಎಂದು ಕಿವಿ ನಿಮಿರಿಸಿಕೊಂಡು ಕಾದವು. ಬರಲಿಲ್ಲ.

ಎಲ್ಲಾ ಮುಗಿದ ಮೇಲೆ ನ್ಯಾಯಾಧೀಶ ಎದ್ದು ಮೊದಲನೆಯ ರಾಜನ ಪಟಕ್ಕೆ ಕೈ ಮುಗಿದ. ಕುರುಬನಿಗೂ ಇಪ್ಪತ್ತೊಂದು, ಸಾಹುಕಾರನಿಗೂ ಇಪ್ಪತ್ತೊಂದು. ಒಂದು ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ ಅಂದ. ಅವನು ಅಂದದ್ದು ನಿಜವೇ.

ಆಮೇಲೆ ಒಂದು ವಿಚಿತ್ರ ಆಯಿತು. ಸಾಹುಕಾರ ಕಲ್ಲಿನಿಂದ ಇಳಿದು ಮನೆಗೆ ಹೊರಟ. ಅವನ ನೆರಳು ಹೊರಡಲಿಲ್ಲ. ಕುರುಬನ ಮೇಲೆ ಬಿದ್ದದ್ದು ಅಲ್ಲೇ ಬಿದ್ದಿತ್ತು. ಸಾಹುಕಾರ ಬದುಕಿದಷ್ಟು ದಿನ ನೆರಳಿಲ್ಲದೆ ಓಡಾಡಿದ. ಯಾರಿಗೂ ಗೊತ್ತಾಗಲಿಲ್ಲ. ಅವನ ತಲೆಯ ಮೇಲೆ ಯಾವಾಗಲೂ ಛತ್ರಿ ಇರುತ್ತಿತ್ತಲ್ಲ. ಕುರುಬನನ್ನು ಹೆಂಡತಿ ಬೆನ್ನ ಮೇಲೆ ಹೊತ್ತುಕೊಂಡಳು. ಕುರಿಗಳನ್ನು ಮುಂದೆ ಬಿಟ್ಟುಕೊಂಡು ಮಳೆ ಬರುವ ದಿಕ್ಕಿಗೆ ನಡೆದಳು. ಇಬ್ಬರು ಮನುಷ್ಯರು, ಎರಡು ಕಾಲು, ಮೂರು ನೆರಳು. ಬಯಲು ಮುಗಿಯುವವರೆಗೂ ಕಾಣುತ್ತಿದ್ದರು. ಮಳೆ ಎಲ್ಲೋ ಬಿದ್ದ ವಾಸನೆ ಬರುತ್ತಿತ್ತು. ಅವರು ಮಳೆ ಮುಟ್ಟಿದರೋ ಇಲ್ಲವೋ, ಅದನ್ನು ಕಂಡವರಿಲ್ಲ.

ಕತೆ ಅಲ್ಲಿಗೆ ನಿಂತಿತು. ಅಜ್ಜಯ್ಯ ಬಿಡಿಸಿದ ಬೀಜಗಳನ್ನು ಒಂದು ಕಡೆ ಒತ್ತರಿಸಿದರು.

ಮಂಟಪದ ಕಂಬಗಳ ನೆರಳು ದಾರಿಯ ಆಚೆಗೂ ಚಾಚಿತ್ತು. ಚಾವಡಿಯ ಬಾಗಿಲು ಹೊನ್ನಯ್ಯನ ಕಣ್ಣ ಮುಂದೆ ಬಂತು. ಬಾಗಿಲ ಮುಂದೆ ಯಾರೂ ಇರಲಿಲ್ಲ. ತನ್ನದೇ ದನಿ ಒಂದು ಹೆಸರನ್ನು ಮೂರು ಸಲ ಕೂಗಿತು. ಎರಡು ಗುಡ್ಡದ ಆಚೆ, ತಲೆಯ ಮೇಲೆ ಸಿಂಬೆ ಇಟ್ಟುಕೊಂಡು ನಡೆದು ಬರುತ್ತಿದ್ದ ಒಬ್ಬ ಮುದುಕಿ ತನ್ನನ್ನು ಯಾರೋ ಕರೆದಂತಾಗಿ ನಿಂತಳು.

“ಆ ಗಂಟೆಯವನು ಏನಾದ ಅಜ್ಜಯ್ಯ?”

“ಊರು ಬಿಟ್ಟ. ಹೋಗುವಾಗ ಎಕ್ಕಡವನ್ನು ಗಂಟೆಯ ಕೆಳಗೇ ಬಿಟ್ಟು ಹೋದ ಅಂತ ಹೇಳುತ್ತಾರೆ.”

ಹೊನ್ನಯ್ಯನಿಗೆ ಅಜ್ಜಯ್ಯನ ಕಾಲು ಕಂಡಿತು. ಅಜ್ಜಯ್ಯನನ್ನು ಬಲ್ಲ ಈ ಇಪ್ಪತ್ತು ವರ್ಷದಲ್ಲಿ ಆ ಕಾಲಿನಲ್ಲಿ ಅವನು ಎಕ್ಕಡವನ್ನೇ ಕಂಡಿರಲಿಲ್ಲ. ಕೇಳಿದವರಿಗೆ ಅಜ್ಜಯ್ಯ, ನನ್ನ ಅಂಗಾಲು ಕಂಡರೆ ಬಿಸಿಲೇ ದಾರಿ ಬಿಡುತ್ತದೆ ಎಂದು ಜಂಬ ಕೊಚ್ಚುತ್ತಿದ್ದರು. ಅವನ ಬೆರಳು ಬಟ್ಟಲಿನ ತಳಕ್ಕೆ ಹೋಯಿತು. ಮೇಣ ಸಿಕ್ಕಿತು. ಅವನು ಬಟ್ಟಲನ್ನು ತಿರುವಿ ಬೆಳಕಿಗೆ ಹಿಡಿದ.

“ಅಜ್ಜಯ್ಯ.”

“ಏನು ಮಗ?”

“ಗುಂಡು ತೂರಿದ್ದರೆ ತಾಮ್ರ ಒಳಗೆ ಹರಿದಿರಬೇಕಿತ್ತು. ಇದು ಕೊರೆದ ತೂತು. ಸೂಜಿಯಷ್ಟು.” ಹೊನ್ನಯ್ಯ ಬಟ್ಟಲನ್ನು ಕೆಳಗಿಳಿಸಿದ. “ಸೂರ್ಯ ನಿಲ್ಲಲೇ ಇಲ್ಲ. ನಿಂತದ್ದು ಗಂಟೆ. ನೀವೇ ಅಲ್ಲವೇ ಅದನ್ನು ನಿಲ್ಲಿಸಿದ್ದು?”

ಅಜ್ಜಯ್ಯ ಹೆಗಲು ಕುಣಿಸಿದರು. “ನೋಡಿದವರೆಲ್ಲ ಸತ್ತರು ಅಂದೆನಲ್ಲ,” ಎಂದರು. ಕೈ ನೀಡಿ ಬಟ್ಟಲು ತೆಗೆದುಕೊಂಡರು. ಅದನ್ನು ತೊಳೆದು, ಮುಂದೆ ಬರುವ ದಾರಿಹೋಕನಿಗೆಂದು ನೀರಿನ ಗುಡಾಣದ ಮೇಲೆ ಬೋರಲು ಹಾಕಿದರು. ಆಮೇಲೆ ಮೆಟ್ಟಿಲ ಕೆಳಗೆ ನೋಡುತ್ತಾ, ತೀರ ಮೆತ್ತಗೆ ಕೇಳಿದರು:

“ಹೊಸ ಎಕ್ಕಡ ಕಚ್ಚುತ್ತಿದೆಯಾ, ಮಗ?”

ಹೊನ್ನಯ್ಯ ‘ಓ’ ಅನ್ನಲಿಲ್ಲ.